ಮೊಟ್ಟೆ ಸಿಪ್ಪೆಯ ಮೇಲೆ ನಡೆಯುವವರು

ಜೂನ್ ೩, ಮಂಗಳವಾರ

ದಿನಾ ಡೈರಿ ಬರೆಯಬೇಕಂತೆ, ಅದೂ ಇಂಗ್ಲಿಷಿನಲ್ಲಿ. ಟೀಚರಮ್ಮನ ಅಪ್ಪಣೆ. ಬರೆದಿಟ್ಟೆ. ಬೆಳಿಗ್ಗೆ ಎದ್ದೆ, ಟೀ ಕುಡಿದೆ, ಲಿಫ್ಟ್ ರಿಪೇರಿ ಮಾಡಿದೆ, ಮನೆಗೆ ಬಂದೆ. ಓದಿದವರು ಈ ಮನುಷ್ಯ ಎಂಥ ಸುಖಪುರುಷ ಎಂದುಕೊಳ್ಳಬೇಕು. ನಿಜ ಬರೆಯುವಷ್ಟು ಇಂಗ್ಲಿಷ್ ನನಗೆ ಬರುವುದಿಲ್ಲ. ಬಂದರೂ ಅವರಿಗೇಕೆ ತೋರಿಸಲಿ? ಇದು ಬೇರೆ. ಇದು ಕನ್ನಡದ್ದು, ನನಗೊಬ್ಬನಿಗೇ.

ಕೂದಲು ನರೆತ ಮೇಲೆ ಎಬಿಸಿಡಿಗೆ ಕೂತದ್ದು ಹೊಸ ಸಾಹೇಬನ ದೆಸೆಯಿಂದ. ಅವನಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು. ಹೊಸ ಲಿಫ್ಟುಗಳ ಪುಸ್ತಕಗಳೂ ಹಾಗೆಯೇ. ಮಾತಾಡಲು ಬಂದರೆ ಸೂಪರ್‌ವೈಸರ್, ಬರದಿದ್ದರೆ ಹಳೇ ಡಬ್ಬ ಲಿಫ್ಟುಗಳೇ ಗತಿ. ಹಾಗಾಗಿ ಮಂಗಳವಾರ, ಗುರುವಾರ ಸಂಜೆ ಕ್ಲಾಸು. ಮನೆಯಲ್ಲಿ ಓವರ್‌ಟೈಮ್ ಎಂದಿದ್ದೇನೆ. ಮಗಳು ಇಂಗ್ಲಿಷನ್ನು ನೀರು ಕುಡಿದ ಹಾಗೆ ಮಾತಾಡುತ್ತಾಳೆ. ಅವಳೆದುರು ಫೇಲಾಗುವುದು ನನಗೆ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಇವತ್ತು ಮನೆಗೆ ಬಂದು ಕೈ ತೊಳೆಯುತ್ತಿದ್ದೆ. ಮಗಳು ಬಾಲ್ಕನಿಯಲ್ಲಿ ಗೆಳತಿಯ ಜೊತೆ ಫೋನಿನಲ್ಲಿದ್ದಳು. ದನಿ ತಗ್ಗಿಸಲಿಲ್ಲ. ಅಪ್ಪನ ಇಂಗ್ಲಿಷ್ 'ಔಟ್ ಆಫ್ ಆರ್ಡರ್' ಬೋರ್ಡಿನಾಚೆ ಹೋಗುವುದಿಲ್ಲ ಎಂಬ ಧೈರ್ಯ ಅವಳಿಗೆ. 'ಮೈ ಫಾದರ್' ಎಂದಳು. ನನ್ನ ಕಿವಿ ನೆಟ್ಟಗಾಯಿತು. 'ಹಾಸ್ಟೆಲ್' ಎಂದಳು. ಆಮೇಲೆ ಒಂದು ಇಡೀ ವಾಕ್ಯ ಸಿಕ್ಕಿತು: ಅಟ್ ಹೋಮ್ ವಿ ಆರ್ ಆಲ್ವೇಸ್ ವಾಕಿಂಗ್ ಆನ್ ಎಗ್‌ಶೆಲ್ಸ್.

ಒಂದೊಂದು ಪದವೂ ಗೊತ್ತು. ಮನೆಯಲ್ಲಿ ನಾವು ಯಾವಾಗಲೂ ಮೊಟ್ಟೆ ಸಿಪ್ಪೆಯ ಮೇಲೆ ನಡೆಯುತ್ತಿರುತ್ತೇವೆ. ಎಲ್ಲಿಯ ಮೊಟ್ಟೆ, ಎಲ್ಲಿಯ ಸಿಪ್ಪೆ? ನನ್ನ ಹೆಂಡತಿ ಗುಡಿಸಿ ಒರೆಸಿದ ನೆಲದಲ್ಲಿ ಒಂದು ಕೂದಲೆಳೆ ಸಿಕ್ಕರೆ ಹೆಚ್ಚು. ಇದು ಏನೋ ಗುಟ್ಟಿನ ಭಾಷೆ. ಮಗಳು ತಿರುಗಿ ನನ್ನನ್ನು ನೋಡಿದವಳೇ ಫೋನ್ ಇಟ್ಟು ಒಳಗೆ ಹೋದಳು.

ಜೂನ್ ೫, ಗುರುವಾರ

ಸಿಪ್ಪೆ ನನ್ನ ತಲೆಯಿಂದ ಇಳಿಯುತ್ತಿಲ್ಲ. ಬೆಳಿಗ್ಗೆ ಕಸದ ಬುಟ್ಟಿಯೊಳಗೆ ಇಣುಕಿದೆ. ತರಕಾರಿ ಸಿಪ್ಪೆ ಇತ್ತು, ಮೊಟ್ಟೆಯದ್ದಲ್ಲ. ಮನೆಯಲ್ಲಿ ಮೊಟ್ಟೆ ಇದೆಯಾ ಎಂದು ಹೆಂಡತಿಯನ್ನು ಸುಮ್ಮನೆ ಕೇಳಿದೆ. ಅವಳು ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಅಂಗಡಿಗೆ ಇಳಿದುಹೋಗಿ ತಂದು, ಬೇಯಿಸಿ, ಸುಲಿದು, ತಟ್ಟೆಯಲ್ಲಿ ಎರಡು ಮೊಟ್ಟೆ ಇಟ್ಟು ಪಕ್ಕದಲ್ಲಿ ನಿಂತಳು. ನಾನು ತಿನ್ನಬೇಕು ಅಂದಿರಲೇ ಇಲ್ಲ. ಉಪ್ಪು ಸರಿಯಿದೆಯಾ ಎಂದು ಕೇಳಿದಳು. ಇಷ್ಟು ಉಪಚಾರ ಯಾಕೆ? ಏನನ್ನೋ ಮುಚ್ಚಿಡುವವರೇ ಇಷ್ಟು ಉಪಚಾರ ಮಾಡುವುದು.

ತಿಂದೆ. ಕೆಲಸಕ್ಕೆ ತಡವಾಯಿತು.

ಜೂನ್ ೬, ಶುಕ್ರವಾರ

ಆರು ಮಹಡಿಯ ಕಚೇರಿಯಲ್ಲಿ ಲಿಫ್ಟಿನ ಬಾಗಿಲು ಅರ್ಧಕ್ಕೆ ನಿಲ್ಲುತ್ತಿತ್ತು. ಅಲ್ಲಿನ ಕಾವಲುಗಾರ ನಡುವೆ ತಲೆ ಹಾಕಿ ಇನ್ನೂ ಎಷ್ಟು ಹೊತ್ತು ಎಂದ. ತಕ್ಕ ಉತ್ತರ ಕೊಟ್ಟೆ. ಆಮೇಲೆ ಅವನು ಆ ಕಡೆ ಸುಳಿಯಲಿಲ್ಲ.

ನನ್ನ ಜೊತೆ ಕೆಲಸ ಮಾಡುವವನು ಸಮಾಧಾನಿ. ಹೆತ್ತವರಿಟ್ಟ ಹೆಸರಲ್ಲ, ನಾವಿಟ್ಟದ್ದು. ಲಿಫ್ಟಿನ ರೋಪ್ ಹರಿದು ಬಿದ್ದರೂ ಅವನು 'ಸಮಾಧಾನ, ಸಮಾಧಾನ' ಅನ್ನುವವನೇ. ಊಟದ ಹೊತ್ತಿಗೆ ಅವನ ಬಾಯಿ ಬಿಡಿಸಿದೆ. ಎಗ್‌ಶೆಲ್ ಅಂದರೆ ಏನು?

"ಅದು ಪೇಂಟ್ ಕಣಯ್ಯ," ಎಂದ. "ಗೋಡೆಗೆ ಹೊಡೆಯೋದು. ತೀರಾ ಹೊಳೆಯೋದೂ ಇಲ್ಲ, ತೀರಾ ಮಂಕೂ ಅಲ್ಲ."

ಹಾಗಾದರೆ ಎಲ್ಲೋ ಹೊಸ ಮನೆ ನೋಡಿದ್ದಾರೆ. ಪೇಂಟ್ ಆಗುತ್ತಿದೆ. ಇಬ್ಬರೂ ಹೋಗಿ ಓಡಾಡಿ ಬಂದಿದ್ದಾರೆ. ನನ್ನನ್ನು ಬಿಟ್ಟು. ಗೋಡೆಯ ಪೇಂಟಿನ ಮೇಲೆ ಯಾರು ನಡೆಯುತ್ತಾರೆ ಎಂದು ಆಮೇಲೆ ಹೊಳೆಯಿತು, ಆದರೆ ಒಮ್ಮೆ ತಲೆಯಲ್ಲಿ ಹುಳ ಬಿಟ್ಟುಕೊಂಡ ಮೇಲೆ ಅದು ಸುಮ್ಮನಿರುತ್ತದೆಯೇ?

ಸಂಜೆ ಸಮಾಧಾನಿಯ ಮನೆಗೆ ಡ್ರಿಲ್ ತರಲು ಹೋಗಿದ್ದೆ. ಅಬ್ಬಾ, ಅದೊಂದು ಸಂತೆ. ಟಿವಿ ಒಂದು ಕಡೆ, ಜಗಳ ಒಂದು ಕಡೆ, ಅವನು ಚಪ್ಪಲಿ ಬಿಡುವ ಮೊದಲೇ ಮಕ್ಕಳು ಅವನ ಬೆನ್ನಿಗೆ ಬಿದ್ದವು. ನನ್ನ ಮನೆ ಹಾಗಲ್ಲ. ಎಣ್ಣೆ ಬಿಟ್ಟ ಯಂತ್ರದ ಹಾಗೆ. ಶಬ್ದ ಬಂತೆಂದರೆ ಎಲ್ಲೋ ಏನೋ ಸವೆದಿದೆ ಎಂದೇ ಅರ್ಥ, ಇದು ನಾನು ಇಷ್ಟು ವರ್ಷ ಬೇರಿಂಗುಗಳಿಗೆ ಕಿವಿಗೊಟ್ಟು ಕಲಿತದ್ದು. ನಾನು ಒಳಗೆ ಕಾಲಿಟ್ಟರೆ ಮನೆಯಲ್ಲಿ ಒಂದು ಕರಕರವಿಲ್ಲ, ಕಿರುಗುಟ್ಟುವಿಕೆಯಿಲ್ಲ. ಅಂಥ ಮನೆಯಲ್ಲಿ ಗುಟ್ಟು ಹುಟ್ಟಿದ್ದು ಹೇಗೆ?

ಜೂನ್ ೧೦, ಮಂಗಳವಾರ

ಸಿಕ್ಕಿತು. ಪೇಂಟೂ ಅಲ್ಲ, ಗುಟ್ಟಿನ ಭಾಷೆಯೂ ಅಲ್ಲ.

ಕ್ಲಾಸು ಮುಗಿಯುವ ಹೊತ್ತಿಗೆ ಟೀಚರಮ್ಮನನ್ನು ಕೇಳಿದೆ. ಎಲ್ಲಿ ಕೇಳಿದಿರಿ ಎಂದರು. ಟಿವಿಯಲ್ಲಿ ಎಂದೆ. ಅವರು ನಾಲ್ಕು ಹೆಜ್ಜೆ ತುದಿಗಾಲಲ್ಲಿ ನಡೆದು ತೋರಿಸಿದರು. ನೆಲದ ತುಂಬ ಸಿಪ್ಪೆ ಹರಡಿದೆ ಅಂದುಕೊಳ್ಳಿ, ಕಾಲಿಟ್ಟರೆ ಚಟ್ ಅನ್ನುತ್ತದೆ, ಅದಕ್ಕೇ ಉಸಿರು ಬಿಗಿಹಿಡಿದು ಹೆಜ್ಜೆ ಇಡುತ್ತೀರಿ. ಯಾರೋ ಒಬ್ಬರಿಗೆ ಯಾವಾಗ ಸಿಟ್ಟು ಬರುತ್ತದೋ ಗೊತ್ತಿಲ್ಲ, ಅಂಥವರ ಜೊತೆ ಇರುವವರು ಹೀಗೇ ಬದುಕುತ್ತಾರೆ. ಮಾತು ಅಳೆದು ಆಡುತ್ತಾರೆ, ಮುಖ ನೋಡಿ ನಗುತ್ತಾರೆ. ಅಷ್ಟೇ ಅರ್ಥ ಎಂದರು.

ನೀವೊಂದು ವಾಕ್ಯ ಮಾಡಿ ಎಂದರು. ಹೊಸ ಸಾಹೇಬ ಬಂದಮೇಲೆ ನಾವೆಲ್ಲ ಮೊಟ್ಟೆ ಸಿಪ್ಪೆಯ ಮೇಲೆ ನಡೆಯುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿದೆ. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ನಾಚಿಕೆಯಾಯಿತು, ಖುಷಿಯೂ ಆಯಿತು.

ಬಸ್ಸಿನಲ್ಲಿ ಬರುವಾಗ ಉಳಿದದ್ದೂ ಬಿಡಿಸಿಕೊಂಡಿತು. ಮಗಳು ಹೇಳಿದ್ದು ಅವಳ ಅಮ್ಮನ ಬಗ್ಗೆ. ಮತ್ತಿನ್ಯಾರು? ದಿನವಿಡೀ ಮನೆಯಲ್ಲಿ ಇರುವವಳು ಅವಳೇ. ಪಾಪದ ಹುಡುಗಿ. ಇದನ್ನು ನನ್ನ ಹತ್ತಿರ ಹೇಳಿಕೊಳ್ಳಬಾರದಿತ್ತೇ?

ಜೂನ್ ೧೧, ಬುಧವಾರ

ಊಟದ ಮೇಲೆ ಹೆಂಡತಿಯನ್ನು ಕರೆದು ಮೆತ್ತಗೆ ಹೇಳಿದೆ. ಮಗಳು ದೊಡ್ಡವಳಾಗುತ್ತಿದ್ದಾಳೆ, ಅವಳ ಜೊತೆ ಸ್ವಲ್ಪ ನಯವಾಗಿರು, ಹೀಗೆ ಕಡ್ಡಿ ಗೀರಿದ ಹಾಗೆ ಸಿಟ್ಟಾದರೆ ಮಕ್ಕಳು ಮನೆಯಲ್ಲಿ ಹೆದರಿಕೊಂಡೇ ಓಡಾಡುತ್ತಾರೆ.

ಅವಳ ಕೈಯಲ್ಲಿ ತೊಳೆಯುವ ಪಾತ್ರೆ ಇತ್ತು. ಅದನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಯಾರು? ನಾನಾ?" ಎಂದಳು.

ಆಮೇಲೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಡುವೆ ಎಲ್ಲೋ ಅದು ನಗು ಅಲ್ಲ ಅನ್ನಿಸಿತು. ಇದರಲ್ಲಿ ನಗುವಂಥದ್ದೇನು ಎಂದು ಕೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಕೇಳಿರಬೇಕು. ಮಗಳ ಕೋಣೆಯ ದೀಪ ತಟ್ಟನೆ ಆರಿತು. ಹೆಂಡತಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಬಹಳ ಹೊತ್ತು ನೀರು ಸುರಿಯುತ್ತಿತ್ತು.

ಒಳ್ಳೆಯ ಮಾತು ಹೇಳಿದವನಿಗೆ ಇದು ಮರ್ಯಾದೆ.

ಜೂನ್ ೧೨, ಗುರುವಾರ

ಇಬ್ಬರೂ ಮಾತಾಡುತ್ತಿಲ್ಲ. ಮನೆ ನಿಶ್ಶಬ್ದ. ಒಳ್ಳೆಯದೇ.

ಜೂನ್ ೧೫, ಭಾನುವಾರ

ಗುಟ್ಟು ಹೊರಬಿತ್ತು. ಮಗಳಿಗೆ ಹಾಸ್ಟೆಲ್ ಬೇಕಂತೆ. ಹೇಳಿದ್ದು ಅವಳಲ್ಲ, ಅವಳ ವಕೀಲೆ, ಅಂದರೆ ಅವಳಮ್ಮ. ಮಗಳು ಬಾಗಿಲ ಹಿಂದೆ ನಿಂತಿದ್ದಳು, ಕಾಲ್ಬೆರಳು ಕಾಣುತ್ತಿತ್ತು. ಕಾಲೇಜು ಇದೇ ಊರಲ್ಲಿದೆ. ಮನೆಯೆದುರು ಬಸ್ ಹತ್ತಿದರೆ ಕಾಲೇಜಿನ ಗೇಟಿನಲ್ಲಿ ಇಳಿಸುತ್ತದೆ. ಹಾಸ್ಟೆಲ್ ಯಾಕೆ? ಓದಿಕೊಳ್ಳಲು ಅನುಕೂಲ ಎಂದಳು ಹೆಂಡತಿ. ಇಲ್ಲೇನು ಅನಾನುಕೂಲ? ಇಷ್ಟು ನಿಶ್ಶಬ್ದವಾದ ಮನೆ ಈ ಕಟ್ಟಡದಲ್ಲೇ ಇನ್ನೊಂದಿಲ್ಲ.

ತಿಂಗಳ ಕೊನೆಯೊಳಗೆ ಹಾಸ್ಟೆಲಿನವರಿಗೆ ಹೇಳಬೇಕಂತೆ. ಆಗುವುದಿಲ್ಲ ಎಂದೆ. ಕೂಗಲಿಲ್ಲ, ಗಟ್ಟಿಯಾಗಿ ಹೇಳಿದೆ ಅಷ್ಟೇ. ಮೇಲಿನ ಮನೆಯವರು ಕಿಟಕಿ ಮುಚ್ಚಿಕೊಂಡದ್ದು ಗಾಳಿಗಿರಬೇಕು.

ಯಾರೋ ಹುಡುಗ ಇದ್ದಾನೆ. ಇಲ್ಲದಿದ್ದರೆ ತಿಂದುಂಡು ಹಾಯಾಗಿದ್ದ ಹುಡುಗಿ ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಾಳೆಯೇ? ಇನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು.

ಜೂನ್ ೧೭, ಮಂಗಳವಾರ

ಟೀಚರಮ್ಮನಿಗೆ ಜ್ವರ, ಕ್ಲಾಸಿಲ್ಲ. ಹೇಳದೆ ಬೇಗ ಮನೆಗೆ ಬಂದೆ. ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿದೆ. ಬಾಗಿಲ ಹೊರಗೇ ಕೇಳಿಸಿತು. ಒಳಗೆ ಹಾಡು, ಯಾರೋ ಕುಣಿದ ಹಾಗೆ ನೆಲ ದಡಬಡ, ಒಂದು ಪಾತ್ರೆ ಬಿದ್ದು ಉರುಳಿತು, ಅದಕ್ಕೊಂದು ದೊಡ್ಡ ನಗು. ನನ್ನ ಮನೆಯೇನಾ ಇದು ಎಂದು ಬಾಗಿಲಿನ ನಂಬರ್ ನೋಡಿದೆ. ಒಳಗೆ ಮೂರನೆಯವರು ಯಾರೋ ಇದ್ದಾರೆ!

ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದೆ. ಎಲ್ಲವೂ ನಿಂತಿತು, ಕರೆಂಟ್ ಹೋದ ಹಾಗೆ.

ಒಳಗೆ ಬಂದು ಬಾಗಿಲ ಹಿಂದೆ, ಬಾಲ್ಕನಿ, ಬಚ್ಚಲು, ಎಲ್ಲ ನೋಡಿದೆ. ಯಾರೂ ಇಲ್ಲ. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಮಗಳು ಪುಸ್ತಕದಲ್ಲಿ ಮುಖ ಇಟ್ಟಿದ್ದಳು. ಟಿವಿಯ ಹಿಂಬದಿ ಮುಟ್ಟಿ ನೋಡಿದೆ, ಬಿಸಿ ಇತ್ತು. ಏನು ಹುಡುಕುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ನಿರಪರಾಧಿಗಳಾದರೆ ಕೇಳಬೇಕಿತ್ತಲ್ಲ.

ಜೂನ್ ೨೦, ಶುಕ್ರವಾರ

ಬಂದು ಹೋಗುವ ದೋಷ ಲಿಫ್ಟಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ನಿಲ್ಲುತ್ತದೆ, ಮಧ್ಯಾಹ್ನ ನಾವು ಹೋದರೆ ಸರಿಯಾಗಿ ಓಡುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು, ಅಂಥ ಕಡೆ ಊಹೆ ಮಾಡಬೇಡ, ಒಂದೇ ಒಂದನ್ನು ಬದಲಿಸು, ಮಿಕ್ಕದ್ದನ್ನು ಮುಟ್ಟಬೇಡ, ಆಮೇಲೆ ಓಡಿಸಿ ನೋಡು. ಹಾಗೇ ಮಾಡಿದೆ.

ಬುಧವಾರ ಬೇಗ ಬಂದು ಕೀಲಿ ತಿರುಗಿಸಿದೆ. ಸದ್ದು ನಿಂತಿತು. ನಿನ್ನೆ ತಡವಾಗಿ ಬಂದು ಸದ್ದಾಗದಂತೆ ತಿರುಗಿಸಿ ಬಾಗಿಲು ತಳ್ಳಿದೆ. ಆಗಲೂ ನಿಂತಿತು. ಹಾಗಾದರೆ ದೋಷ ಹೊತ್ತಿನದ್ದಲ್ಲ, ಕೀಲಿಯ ಸದ್ದಿನದ್ದೂ ಅಲ್ಲ. ಹೊರಗೆ ಯಾರು ಬಂದರೂ ಅವರು ಹೀಗೇ ಬಾಯಿ ಮುಚ್ಚಿಕೊಳ್ಳುತ್ತಾರೋ ಏನೋ, ಅಷ್ಟು ದೊಡ್ಡ ಪಿತೂರಿ ಇರಬೇಕು ಎಂದುಕೊಂಡೆ.

ಇವತ್ತು ಮೇಲಿನ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದೆ. ಒಳಗೆ ಮಗಳು, ಅವಳ ಗೆಳತಿ, ಜೋರು ಮಾತು. ಹೆಂಡತಿ ಅಂಗಡಿಗೆ ಹೋದವಳು ಹತ್ತಿ ಬಂದು ಕೀಲಿ ತಿರುಗಿಸಿದಳು. ಸದ್ದು ನಿಲ್ಲಲಿಲ್ಲ. ಬಾಗಿಲು ತೆರೆದ ಮೇಲೆ ಇನ್ನೂ ಜೋರಾಯಿತು, ಅಮ್ಮಾ ಇಲ್ಲಿ ಕೇಳು ಎಂದು ಮಗಳು ಕೂಗುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ನಾನು ಇಳಿದು ಹೋಗಿ ಕೀಲಿ ತಿರುಗಿಸಿದೆ. ನಿಂತಿತು. ಗೆಳತಿ ಎರಡೇ ನಿಮಿಷದಲ್ಲಿ ಚಪ್ಪಲಿ ಹಾಕಿಕೊಂಡು ಹೊರಟುಹೋದಳು.

ಅದೇ ಬಾಗಿಲು, ಅದೇ ಬೀಗ, ಅದೇ ಥರದ ಕೀಲಿ. ಬದಲಾದದ್ದು ನಾನೊಬ್ಬನೇ.

ಬೇರೆ ಕಾರಣ ಇದ್ದರೂ ಇರಬಹುದು. ಬಹಳ ಯೋಚಿಸಿದೆ, ಸಿಗಲಿಲ್ಲ. ಭಯವಾಗುತ್ತಿದೆ.

ಜೂನ್ ೨೧, ಶನಿವಾರ

ಕೆಲಸದಲ್ಲಿ ಯಾರಿಗೂ ಬೈಯಲಿಲ್ಲ. ಮೈ ಹುಷಾರಿಲ್ವಾ ಎಂದು ಸಮಾಧಾನಿ ಕೇಳಿದ.

ಜೂನ್ ೨೨, ಭಾನುವಾರ

ಬೆಳಿಗ್ಗೆ ತಿಂಡಿಗೆ ಕೂತಾಗ ಹಾಸ್ಟೆಲಿಗೆ ಹೋಗು ಎಂದೆ. ಥ್ಯಾಂಕ್ಸ್ ಅನ್ನುತ್ತಾಳೆ ಎಂದುಕೊಂಡಿದ್ದೆ. ಮಗಳು ಅಮ್ಮನ ಮುಖ ನೋಡಿದಳು, ಅಮ್ಮ ಮಗಳ ಮುಖ ನೋಡಿದಳು. ನಿಜವಾಗ್ಲೂನಾ ಎಂದು ಮಗಳು ಕೇಳಿದಳು. ನಿಜವಾಗಿ ಎಂದೆ. ಆಮೇಲೆ ಏನೂ ಆಗಲ್ವಲ್ಲ ಎಂದಳು. ಏನು ಆಗಬೇಕು? ಇಷ್ಟು ಸುಲಭವಾಗಿ ಒಪ್ಪಿದ್ದರಲ್ಲಿ ಏನೋ ಮಸಲತ್ತಿದೆ ಎಂದು ಇಬ್ಬರ ಕಣ್ಣಲ್ಲೂ ಬರೆದಿತ್ತು. ಸಂಶಯಪಡುವ ಕೆಲಸ ಈ ಮನೆಯಲ್ಲಿ ನನ್ನೊಬ್ಬನದ್ದು ಎಂದುಕೊಂಡಿದ್ದೆ.

ಮಗಳು ಎದ್ದು ಕೈ ತೊಳೆಯಲು ಹೋದ ಮೇಲೆ ಹೆಂಡತಿ ಕೇಳಿದಳು.

"ಮಂಗಳವಾರ, ಗುರುವಾರ ಎಲ್ಲಿಗೆ ಹೋಗ್ತೀರಿ? ಓವರ್‌ಟೈಮ್ ಇಲ್ಲ ಅಂತ ಸಮಾಧಾನಿಯವರ ಮನೆಯವರು ಹೇಳಿದ್ರು. ಡಾಕ್ಟರ ಹತ್ರ ಹೋಗ್ತಿದ್ರೆ ಹೇಳಿಬಿಡಿ. ಬೇರೆ ಏನಾದ್ರೂ ಇದ್ರೂ ಹೇಳಿಬಿಡಿ."

ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಮೊಟ್ಟೆ ಬೇಯಿಸಿ ಹಾಕಿದ್ದಾಳೆ. ಕೇಳುವುದಕ್ಕೆ ಹೆದರಿ. ಕ್ಲಾಸಿನ ವಿಷಯ ಹೇಳಿದೆ. ಹೆಂಡತಿ ಕುರ್ಚಿಯಲ್ಲಿ ಕುಸಿದು ಕೂತಳು, ಇಷ್ಟೇನಾ ಎಂದಳು. ಆದರೆ ಬಾಗಿಲಲ್ಲಿ ನಿಂತಿದ್ದ ಮಗಳ ಮುಖದಲ್ಲಿ ರಕ್ತವಿರಲಿಲ್ಲ. ಫೋನಿನಲ್ಲಿ ಏನೇನು ಆಡಿದ್ದೆ ಎಂದು ಲೆಕ್ಕ ಹಾಕುತ್ತಿದ್ದಳು, ಪಾಪ. ಮೊಟ್ಟೆ ಸಿಪ್ಪೆ ಅಂದರೇನು ಅಂತ ಗೊತ್ತಾಯಿತು ಎಂದೆ.

"ಸಾರಿ ಅಪ್ಪ," ಎಂದಳು ತಕ್ಷಣ. "ಸಾರಿ, ಸಾರಿ. ನಾನು ಹಾಗನ್ನಬಾರದಿತ್ತು."

ಸಾರಿ ಎಂಬ ಆ ಮಾತನ್ನು ನಾನು ಹೇಳಬೇಕೆಂದಿದ್ದೆ. ಬಾಯಿಗೆ ಬಂದಿತ್ತು. ಅವಳೇ ಹೇಳಿಬಿಟ್ಟಳು, ಅದೂ ಕೈ ಕಟ್ಟಿಕೊಂಡು. ಎದ್ದು ಬಾಲ್ಕನಿಗೆ ಹೋದೆ. ನಾನು ಎದ್ದ ರಭಸಕ್ಕೆ ಅವಳು ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನೋಡಿದೆ.

ಜೂನ್ ೨೫, ಬುಧವಾರ

ಈಗೀಗ ಮೆಟ್ಟಿಲ ಬುಡದಲ್ಲೇ ಕೆಮ್ಮುತ್ತೇನೆ. ಗಂಟಲು ಸರಿಯಿಲ್ಲ ಅಂತಲ್ಲ, ಬರುತ್ತಿದ್ದೇನೆ ಅಂತ ಒಳಗಿನವರಿಗೆ ತಿಳಿಯಲಿ ಅಂತ. ಲೋಟ ಮೆಲ್ಲಗೆ ಇಡುತ್ತೇನೆ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ತಿನ್ನುತ್ತೇನೆ. ಏನಾದರೂ ಕೇಳಬೇಕಾದರೆ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಹೊತ್ತು ನೋಡಿ ಕೇಳುತ್ತೇನೆ. ಸುಸ್ತಾಗುತ್ತದೆ. ಇದನ್ನು ವರ್ಷಗಟ್ಟಲೆ ಮಾಡುವುದು ಯಾರಿಂದಾದರೂ ಸಾಧ್ಯವೇ?

ಆದರೆ ಪ್ರಯೋಜನವೇನೂ ಕಾಣುತ್ತಿಲ್ಲ. ನಾನು ಸುಮ್ಮನಿದ್ದಷ್ಟೂ ಅವರು ಇನ್ನೂ ಸುಮ್ಮನಾಗುತ್ತಾರೆ. ದೊಡ್ಡದೊಂದು ಸ್ಫೋಟಕ್ಕೆ ಕಾಯುತ್ತಿರುವಂತಿದೆ. ಇವತ್ತು ನನ್ನ ಕೈಯಿಂದಲೇ ಲೋಟ ಜಾರಿ ಚೂರಾಯಿತು. ಮೂವರೂ ಕಲ್ಲಾಗಿ ನಿಂತೆವು. ಆಮೇಲೆ ನಾನು ಪೊರಕೆ ತಂದೆ. ಹೆಂಡತಿ ಕಸಿದುಕೊಳ್ಳಲು ಬಂದಳು, ಕೊಡಲಿಲ್ಲ.

ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸು. ಹೊಸ ಸಾಹೇಬ ಕೈ ಕುಲುಕಿದ. ಮನೆಯಲ್ಲಿ ಹೇಳಲು ಮರೆತೆ.

ಜೂನ್ ೨೮, ಶನಿವಾರ

ನಾಳೆ ಮಗಳು ಹೊರಡುತ್ತಾಳೆ. ಅವಳ ಪೆಟ್ಟಿಗೆಯ ಹಿಡಿ ಸಡಿಲವಾಗಿತ್ತು, ಅದಕ್ಕೊಂದು ಬೋಲ್ಟ್ ತೆಗೆದುಕೊಂಡು ಸಂಜೆ ಬಂದೆ. ಕೆಮ್ಮಲು ಮರೆತೆ. ಬಾಗಿಲ ಹತ್ತಿರ ಬಂದರೆ ಒಳಗಿನಿಂದ ನನ್ನದೇ ದನಿ ಕೇಳಿಸಿತು.

"ಈ ಮನೇಲಿ ಒಂದು ಸ್ಕ್ರೂಡ್ರೈವರ್ ಇಟ್ಟ ಜಾಗದಲ್ಲಿರಲ್ವಾ? ಅದಕ್ಕೇನು ಕಾಲು ಬಂದಿದ್ಯಾ? ಯಾರು ಮುಟ್ಟಿದ್ದು? ನಾನು ಕೇಳ್ತಿದ್ದೀನಿ, ಯಾರು ಮುಟ್ಟಿದ್ದು?"

ಒಂದು ಗಳಿಗೆ ನಿಜಕ್ಕೂ ನಾನು ಒಳಗಿದ್ದೇನೆ ಅನ್ನಿಸಿತು. ಮೂಗಿನಲ್ಲಿ ಉಸಿರು ಬಿಡುವುದು, ಕೊನೆಯ ಮಾತನ್ನು ಎರಡೆರಡು ಸಲ ಆಡುವುದು, ಎಲ್ಲ ಹಾಗೇ. ಮಗಳು ನನ್ನ ಅಣಕ ಮಾಡುತ್ತಿದ್ದಳು. ಹೆಂಡತಿ ಸಾಕು ಮಾರಾಯ್ತಿ, ಹೊಟ್ಟೆ ಹಿಡಿದುಕೊಂಡಿದೆ ಎಂದು ನಗುತ್ತಿದ್ದಳು. ಮದುವೆಯ ಹೊಸತರಲ್ಲಿ ಅವಳು ಹಾಗೆ ನಗುತ್ತಿದ್ದಳು.

ಸಿಟ್ಟು ನೆತ್ತಿಗೇರಿತು. ಕೀಲಿ ಕೈಯಲ್ಲೇ ಇತ್ತು. ತಿರುಗಿಸಿದರೆ ನಗು ನಿಲ್ಲುತ್ತದೆ ಎಂದು ಗೊತ್ತಿತ್ತು. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತೆ. ಒಳಗೆ ನಾನು ಸಾಹೇಬನಿಗೆ ಬೈದೆ, ಬಸ್ಸಿನ ಕಂಡಕ್ಟರಿಗೆ ಬೈದೆ, ಟಿವಿಯಲ್ಲಿ ಸುದ್ದಿ ಓದುವವಳಿಗೆ ಬೈದೆ. ಸುದ್ದಿ ಓದುವವಳ ಸರದಿ ಬಂದಾಗ ನನಗೂ ನಗು ತಡೆಯಲಾಗಲಿಲ್ಲ, ಕೈಯಿಂದ ಬಾಯಿ ಮುಚ್ಚಿಕೊಂಡೆ.

ಕಸ ಹೊರಗಿಡಲು ಮಗಳು ಬಾಗಿಲು ತೆರೆದಳು. ನನ್ನನ್ನು ನೋಡಿ ಬುಟ್ಟಿ ಹಿಡಿದವಳು ಹಾಗೇ ನಿಂತಳು.

"ಅಪ್ಪ... ಯಾವಾಗ ಬಂದ್ರಿ?"

"ಸ್ಕ್ರೂಡ್ರೈವರ್ ಕಳೆದಾಗ," ಎಂದೆ.

ಅವಳ ಹಿಂದೆ ಹೆಂಡತಿ ಬಂದು ನಿಂತಳು. ನಾನು ಎದ್ದು ನಿಲ್ಲಲಿಲ್ಲ. ನಿಂತರೆ ಹೆದರುತ್ತಾರೆ ಅನ್ನಿಸಿತು.

"ಇನ್ನೊಂದ್ಸಲ ಮಾಡು," ಎಂದೆ. "ನಾನೂ ನೋಡ್ತೀನಿ."

ಮಗಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಮಾಡಿದಳು. ಮೊದಲ ಸಲ ಚೆನ್ನಾಗಿ ಬರಲಿಲ್ಲ, ದನಿ ನಡುಗುತ್ತಿತ್ತು, ಕಣ್ಣು ನನ್ನ ಮೇಲೇ ಇತ್ತು. ಹಾಗಲ್ಲ, ಆಗ ಚೆನ್ನಾಗಿ ಮಾಡಿದ್ದೆ ಎಂದೆ. ಎರಡನೇ ಸಲ ಬುಟ್ಟಿ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಮೂಗರಳಿಸಿ, ಇಡೀ ಮೆಟ್ಟಿಲಸಾಲು ಮೊಳಗುವ ಹಾಗೆ ಕಿರುಚಿದಳು. ಮೇಲಿನ ಮನೆಯವರು ಕಿಟಕಿ ಮುಚ್ಚಿದ ಸದ್ದಾಯಿತು.

ನಾನು ನಿಜವಾಗಿ ಹೀಗೇ ಕಿರುಚುತ್ತೇನಾ ಎಂದು ಕೇಳಿದೆ.

ಹೌದು ಎಂದರು, ಇಬ್ಬರೂ ಒಟ್ಟಿಗೆ.